ಹೆನ್ಯಾಳ ಪಕ್ಕದ ಜಾಗ

ಝಲ್ಮನ್ ಕುಪರ್‌ಮನ್‌ಗೆ ಒಂದು ಹಟವಿತ್ತು. ಮನೆಯವರು ಬಂದು ಗಟ್ಟಿಯಾಗಿ ಓದುವ ತನಕ ಅವನು ಯಾವ ಹೆಸರನ್ನೂ ಕಲ್ಲಿಗೆ ಇಳಿಸುತ್ತಿರಲಿಲ್ಲ. ಬರೆದುಕೊಟ್ಟರೆ ಸಾಲದು, ಫೋನಿನಲ್ಲಿ ಹೇಳಿದರೂ ಸಾಲದು. ಮಾಂಟ್ರಿಯಲ್‌ನ ಯಹೂದಿ ಸ್ಮಶಾನಗಳಿಗೆ ನಲವತ್ತು ವರ್ಷದಿಂದ ಕಲ್ಲು ಕೆತ್ತಿಕೊಟ್ಟ ಮನುಷ್ಯ. ಅವನ ಶೆಡ್ಡಿಗೆ ಹೋಗಿ, ಕಲ್ಲಿನ ಪುಡಿ ಕೂತ ಸ್ಟೂಲನ್ನು ಕರವಸ್ತ್ರದಿಂದ ಒರೆಸಿಕೊಂಡು ಕೂತು, ಪ್ರತಿ ಹೆಸರನ್ನೂ ಓದಬೇಕು. ಅದೂ ಎರಡು ಸಲ. ಓದಿದಂತೆಲ್ಲ ಅವನ ದಪ್ಪ ಬೆರಳು ಕಾಗದದ ಮೇಲೆ ಸಾಲಿನಿಂದ ಸಾಲಿಗೆ ಇಳಿಯುತ್ತಿತ್ತು.

ಮಾರ್ಚ್ ತಿಂಗಳ ಒಂದು ಬೆಳಿಗ್ಗೆ ಪೆಸ್ಯಾ ಹಾಗೆ ಕೂತು ತಂದೆಯ ಪಟ್ಟಿ ಓದಿದಳು. ತಂದೆ ಫೈವೆಲ್ ಹಿಂದಿನ ಜೂನ್‌ನಲ್ಲಿ, ತೊಂಬತ್ತಾರನೆಯ ವಯಸ್ಸಿನಲ್ಲಿ, ರೇಡಿಯೋ ಕೇಳುತ್ತ ಕೂತಲ್ಲೇ ತೀರಿಕೊಂಡಿದ್ದ. ವರ್ಷ ತುಂಬುವುದರೊಳಗೆ ಕಲ್ಲು ನಿಲ್ಲಬೇಕು. ಮುಂಭಾಗದಲ್ಲಿ ಅವನ ಹೆಸರು. ಹಿಂಭಾಗದಲ್ಲಿ, ಅವರ ಹುಟ್ಟೂರಿನ ಸಂಘದವರೆಲ್ಲ ಮಾಡುವಂತೆ, ಗೋರಿಯೇ ಇಲ್ಲದವರ ಹೆಸರುಗಳು. ಪೋಲೆಂಡಿನ ಝಬ್ಲಿನ್ ಎಂಬ ಊರಿನಲ್ಲಿ, ನಲವತ್ತೆರಡನೆಯ ಇಸವಿಯ ಒಂದೇ ವಾರದಲ್ಲಿ ನಾಜಿಗಳು ಕೊಂದ ಅವನ ಮನೆಯವರು, ಒಟ್ಟು ಇಪ್ಪತ್ತಮೂರು ಜನ. ಫೈವೆಲ್ ಆ ಹೆಸರುಗಳನ್ನು ತಾನೇ ಒಂದು ಕ್ಯಾಲೆಂಡರ್ ಹಾಳೆಯ ಬೆನ್ನಿಗೆ ಪೆನ್ನಿನಲ್ಲಿ ಬರೆದಿಟ್ಟಿದ್ದ. ಅಪ್ಪ, ಅಮ್ಮ, ಅಣ್ಣತಮ್ಮಂದಿರು, ಅವರ ಮಕ್ಕಳು. ಎಂಟನೆಯ ಸಾಲಿನಲ್ಲಿ ಅವನ ಮೊದಲ ಹೆಂಡತಿ ಹೆನ್ಯಾ. ಒಂಬತ್ತನೆಯ ಸಾಲಿನಲ್ಲಿ ಅವರ ಮಗಳು, ನಾಲ್ಕು ವರ್ಷದ ಪೆಸ್ಯಾ.

ಅರವತ್ತು ವರ್ಷದ ಪೆಸ್ಯಾ ಎಂಟನೆಯದನ್ನು ಓದಿ ಹತ್ತನೆಯದಕ್ಕೆ ಹಾರಿದಳು. ಝಲ್ಮನ್‌ನ ಬೆರಳು ಒಂಬತ್ತರಲ್ಲೇ ನಿಂತಿತು.

"ಒಂದು ಬಿಟ್ರಿ," ಅಂದ.

"ಬಿಟ್ಟಿದ್ದಲ್ಲ. ಅದು ಬೇಡ."

"ಬೇಡ ಅಂದ್ರೆ?"

"ಅದು ನನ್ನ ಹೆಸರೇ ಅಲ್ವಾ ಝಲ್ಮನ್. ಬದುಕಿರೋ ಮಗಳ ಹೆಸರು ಗೋರಿ ಕಲ್ಲಿನ ಮೇಲೆ ಕಂಡ್ರೆ ನಮ್ಮಮ್ಮ ತಡ್ಕೊಳಲ್ಲ. ಎಂಬತ್ಮೂರು ವರ್ಷ ಅವಳಿಗೆ. ಅಲ್ಲೇ ಕುಸಿದ್ರೆ ಯಾರು ಹೊಣೆ?"

"ಅವರನ್ನ ಕೇಳಿದ್ರಾ?"

"ಕೇಳೋದೇನು? ನಮ್ಮಮ್ಮ ನನಗೆ ಗೊತ್ತಿಲ್ವಾ?"

ಝಲ್ಮನ್ ಕಿವಿಯ ಮೇಲಿದ್ದ ಪೆನ್ಸಿಲ್ ತೆಗೆದು ಒಂಬತ್ತನೆಯ ಸಾಲಿನ ಮೇಲೆ ತೆಳ್ಳಗೆ ಒಂದು ಗೀಟು ಎಳೆದ. "ಸರಿ. ಇನ್ನೊಂದ್ಸಲ ಓದಿ," ಅಂದ. ಎರಡನೆಯ ಸಲ ಪೆಸ್ಯಾ ಎಲ್ಲೂ ತಡವರಿಸಲಿಲ್ಲ.

ಅಮ್ಮನ ನೆಪ ಪೂರ್ತಿ ಸುಳ್ಳೇನಲ್ಲ. ಮನುಷ್ಯರು ಸುಳ್ಳಿಗೆ ಒಂದು ಹಿಡಿ ನಿಜ ಬೆರೆಸಿಕೊಳ್ಳದೆ ಇರುವುದು ಕಡಿಮೆ, ಪೆಸ್ಯಾಳೂ ಬೆರೆಸಿಕೊಂಡಿದ್ದಳು. ಅವರಲ್ಲಿ ಮಕ್ಕಳಿಗೆ ತೀರಿಕೊಂಡವರ ಹೆಸರನ್ನೇ ಇಡುತ್ತಾರೆ, ಅದರಲ್ಲಿ ಹೊಸದೇನಿಲ್ಲ. ಆದರೆ ಅಜ್ಜಿಯ ಹೆಸರು ಹೊತ್ತು ಬೆಳೆಯುವುದು ಬೇರೆ, ನಾಲ್ಕು ವರ್ಷಕ್ಕೇ ಕೊಲೆಯಾದ ಅಕ್ಕನ ಹೆಸರು ಹೊತ್ತು ಬೆಳೆಯುವುದು ಬೇರೆ. ಪ್ರತಿ ಶರತ್ಕಾಲದಲ್ಲಿ ಅಮ್ಮ ಬ್ರೈನಾ ಒಲೆಯ ಮೇಲೆ ದೊಡ್ಡ ತಟ್ಟೆಯಿಟ್ಟು, ಅದರಲ್ಲಿ ಗಾಜಿನ ಲೋಟದ ಮೇಣದಬತ್ತಿಗಳನ್ನು ಸಾಲಾಗಿ ಹಚ್ಚುತ್ತಿದ್ದಳು. ತೀರಿಕೊಂಡ ಒಬ್ಬೊಬ್ಬರಿಗೆ ಒಂದೊಂದು. "ಇದು ಹೆನ್ಯಾಂದು. ಇದು ಪೆಸ್ಯಾಂದು." ಮೇಣ ಉರಿದು ಮುಗಿದ ಮೇಲೆ ಲೋಟಗಳನ್ನು ಬಿಸಿನೀರಿನಲ್ಲಿ ತೊಳೆದು ಅಡುಗೆಮನೆಯ ಕಪಾಟಿಗೆ ಸೇರಿಸುತ್ತಿದ್ದಳು. ಆ ಮನೆಯಲ್ಲಿ ಹಾಲು, ಚಹಾ, ನೀರು ಎಲ್ಲ ಅವೇ ಲೋಟಗಳಲ್ಲಿ. ಏಳು ವರ್ಷದ ಪೆಸ್ಯಾ ಪ್ರತಿದಿನ ಹಾಲು ಕುಡಿಯುವ ಮುಂಚೆ ಲೋಟವನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದಳು, ಇದು ಅವಳದ್ದೇನಾ ಅಂತ.

ಅಪ್ಪ ಕರೆದಾಗಲೂ ಅಷ್ಟೇ. "ಪೆಸ್ಯಾ" ಎಂದವನು ಇವಳು ಎದುರಿಗೆ ಬಂದು ನಿಂತರೆ ಅರೆಗಳಿಗೆ ಬೇರೆ ಯಾರನ್ನೋ ಹುಡುಕುವಂತೆ ನೋಡುತ್ತಿದ್ದ. ಹಾಗೆಂದು ಇವಳಿಗೆ ಅನ್ನಿಸುತ್ತಿತ್ತು. ಶಾಲೆಗೆ ಸೇರಿದಾಗ ಪೌಲಾ ಅಂತ ಬರೆಸಿಕೊಂಡಳು, ಕೆಲಸದಲ್ಲೂ ಪೌಲಾ, ಬ್ಯಾಂಕಿನಲ್ಲೂ ಪೌಲಾ. ಮನೆಯಲ್ಲಿ ಮಾತ್ರ ಬಿಡುಗಡೆಯಿಲ್ಲ. ಸತ್ತ ಮಗುವಿನ ಮೇಲೆ ಹೊಟ್ಟೆಕಿಚ್ಚು! ಇದನ್ನು ಯಾರಿಗೆ ಹೇಳಿಕೊಳ್ಳಲು ಬಾಯಿ ಬರುತ್ತದೆ? ಅವಳು ಗಂಡ ನಾರ್ಮನ್‌ಗೂ ಹೇಳಿರಲಿಲ್ಲ.

ಮೇ ತಿಂಗಳಲ್ಲಿ ನೆಲ ಹದವಾದ ಮೇಲೆ ಕಲ್ಲು ನಿಂತಿತು. ಒಂದು ಭಾನುವಾರ ಅದರ ಬಟ್ಟೆ ಸರಿಸುವ ಕಾರ್ಯಕ್ರಮ. ಝಬ್ಲಿನ್ ಸಂಘದವರು ಎಂದರೆ ಈಗ ಹನ್ನೊಂದು ಮುದುಕ ಮುದುಕಿಯರು, ಅವರನ್ನು ಕಾರಿನಲ್ಲಿ ಕರೆತಂದ ಮಕ್ಕಳು. ಝಲ್ಮನ್‌ನ ತಾಯಿಯೂ ಅದೇ ಊರಿನವಳಾದ್ದರಿಂದ ಅವನೂ ಸಂಘದವನೇ, ಹಿಂದೆ ಟೋಪಿ ಹಾಕಿಕೊಂಡು ನಿಂತಿದ್ದ. ಪ್ರಾರ್ಥನೆ ಮುಗಿಯಿತು. ವಾಡಿಕೆಯಂತೆ ಎಲ್ಲರೂ ಕಲ್ಲಿನ ಮೇಲೆ ಒಂದೊಂದು ಹರಳುಕಲ್ಲು ಇಟ್ಟರು. ಬ್ರೈನಾ ಮೊಮ್ಮಗಳು ಲಿಯೋರಾಳ ತೋಳು ಹಿಡಿದು ಕಲ್ಲಿನ ಹಿಂಭಾಗಕ್ಕೆ ಹೋದಳು.

ಮನುಷ್ಯರನ್ನು ನೇರವಾಗಿ ಎಣಿಸಿದರೆ ದೃಷ್ಟಿ ತಾಗುತ್ತದೆಂದು ಅವಳ ನಂಬಿಕೆ. ಅದಕ್ಕೇ ಪ್ರತಿ ಅಂಕೆಗೂ ‘ಅಲ್ಲ’ ಸೇರಿಸುತ್ತಿದ್ದಳು, ಅವಳ ತಾಯಿಯೂ ಹಾಗೇ ಎಣಿಸುತ್ತಿದ್ದಳಂತೆ. ಬೆರಳಿಟ್ಟು ಶುರುಮಾಡಿದಳು. "ಒಂದಲ್ಲ. ಎರಡಲ್ಲ. ಮೂರಲ್ಲ." ಹೆನ್ಯಾ ಬಂದಾಗ "ಎಂಟಲ್ಲ" ಅಂದಳು. ಹೆನ್ಯಾಳ ಪಕ್ಕದಲ್ಲಿ ಒಂದು ಅಂಗೈ ಅಗಲ ಕಲ್ಲು ಖಾಲಿಯಿತ್ತು. ಅವಳ ಬೆರಳು ಅಲ್ಲಿ ಸ್ವಲ್ಪ ತಡವಿತು, ಮುಂದೆ ಹೋಯಿತು. "ಇಪ್ಪತ್ತೆರಡಲ್ಲ" ಎಂದಾಗ ಕಲ್ಲು ಮುಗಿದಿತ್ತು.

"ಮಗು ಎಲ್ಲಿ?"

ಬ್ರೈನಾ ಬೆರಳನ್ನು ಮತ್ತೆ ಹೆನ್ಯಾಳ ಹೆಸರಿಗೆ ತಂದಳು.

"ಹೆನ್ಯಾ ಇದಾಳೆ. ಮಗು ಎಲ್ಲಿ?"

ಅಮ್ಮ ಕುಸಿಯುತ್ತಾಳೆ, ಅಳುತ್ತಾಳೆ ಎಂದೆಲ್ಲ ಪೆಸ್ಯಾ ಕಲ್ಪಿಸಿಕೊಂಡಿದ್ದಳು. ಇಲ್ಲದ ಹೆಸರನ್ನು ಹುಡುಕುತ್ತಾಳೆಂದು ಮಾತ್ರ ಅವಳ ತಲೆಗೆ ಬಂದಿರಲಿಲ್ಲ. ಎಲ್ಲರ ಕಣ್ಣೂ ತನ್ನ ಮೇಲೆ ತಿರುಗಿತೆನಿಸಿತು. ಏನು ಹೇಳುತ್ತಿದ್ದೇನೆಂದು ತಿಳಿಯುವ ಮುಂಚೆ ಮಾತು ಹೊರಗೆ ಬಿದ್ದಾಗಿತ್ತು.

"ಝಲ್ಮನ್ ಬಿಟ್ಬಿಟ್ಟಿರ್ಬೇಕಮ್ಮ."

ಝಲ್ಮನ್ ತಲೆಯೆತ್ತಿ ಅವಳನ್ನು ನೋಡಿದ. ಜೇಬಿನಲ್ಲಿ ಕೈಯಿಟ್ಟುಕೊಂಡ. "ಹೌದು ಬ್ರೈನಾ ಅವ್ರೆ," ಅಂದ. "ಬಿಟ್ಟುಹೋಗಿದೆ. ಸರಿಮಾಡಿಕೊಡ್ತೀನಿ."

"ಬಿಟ್ಟುಹೋಗಿದೆ!" ಬ್ರೈನಾಳ ದನಿ ಆ ಸ್ಮಶಾನದ ಬೇಲಿಯಾಚೆಗೂ ಕೇಳಿಸಿರಬೇಕು. "ನಲವತ್ತು ವರ್ಷ ಕೆತ್ತಿದೀಯ, ಒಂದು ಮಗು ಕಣ್ಣಿಗೆ ಬೀಳಲಿಲ್ವೇನೋ ನಿಂಗೆ? ಆ ಹೆನ್ಯಾ ಏನ್ ಮಾಡಿದ್ಲು ಗೊತ್ತಾ? ಗಟ್ಟಿಮುಟ್ಟಾದ ಹೆಂಗಸು ಅಂತ ಊರ ಚೌಕದಲ್ಲಿ ನಾಜಿಗಳು ಅವಳನ್ನ ಬದುಕಿಸಿ ದುಡಿಸೋ ಕೆಲಸದವರ ಕಡೆ ನಿಲ್ಲಿಸಿದ್ರು. ಮಗು ಕೈ ಬಿಟ್ಟು ಬಾ ಅಂದ್ರು. ಬಿಡಲಿಲ್ಲ ಅವಳು. ಅವರು ಹೊಡೆದ್ರೂ ಬಿಡಲಿಲ್ಲ. ನೀನು ಬಿಡಿಸ್ದೆ!"

ಈ ಸಂಗತಿ ಪೆಸ್ಯಾ ಕೇಳಿದ್ದು ಅದೇ ಮೊದಲು. ಅರವತ್ತು ವರ್ಷ ಆ ಮನೆಯಲ್ಲಿ ಯಾರೂ ಅದನ್ನು ಬಾಯಿಬಿಟ್ಟು ಹೇಳಿರಲಿಲ್ಲ. ಅವಳು ಕೈಚೀಲದ ಪಟ್ಟಿಯನ್ನು ಬಿಗಿಯಾಗಿ ಹಿಡಿದುಕೊಂಡು ನಿಂತಳು. ಝಲ್ಮನ್ ತಲೆ ತಗ್ಗಿಸಿ ಪೂರ್ತಿ ಬೈಗುಳ ತಿಂದ.

ಮನೆಗೆ ಬಂದ ಮೇಲೆ ಬಂದವರಿಗೆಲ್ಲ ಬೇಯಿಸಿದ ಮೊಟ್ಟೆ, ಉಪ್ಪುಮೀನು, ರೈ ಬ್ರೆಡ್ಡು, ಜೇನಿನ ಕೇಕು. ಪೆಸ್ಯಾ ತಟ್ಟೆ ಹಂಚಿದಳು, ಲೋಟ ತೊಳೆದಳು, ಮತ್ತೆ ಹಂಚಿದಳು. ಝಲ್ಮನ್ ಬಂದಿರಲಿಲ್ಲ. ಸಂಘದ ಅಧ್ಯಕ್ಷೆ ಹಿಂಡಾ ಕೇಕು ಅಗಿಯುತ್ತ, "ವಯಸ್ಸಾಯ್ತು ಪಾಪ ಅವನಿಗೂ. ನಮ್ಮನೆಯವರ ಕಲ್ಲಿಗೆ ಬೇರೆ ಕಡೆ ಹೇಳ್ಬೇಕು," ಅಂದಳು. ಪೆಸ್ಯಾಳ ಕೈಯಲ್ಲಿದ್ದ ತಟ್ಟೆ ಸಿಂಕಿಗೆ ಬಡಿದು ಅಂಚು ಒಡೆಯಿತು.

ಆಮೇಲಿನ ವಾರಗಳಲ್ಲಿ ಬ್ರೈನಾ ಫೋನು ಕೆಳಗಿಡಲಿಲ್ಲ. ಗೊತ್ತಿದ್ದವರಿಗೆಲ್ಲ ಕರೆ ಮಾಡಿ ಝಲ್ಮನ್‌ನ ಕಥೆ ಹೇಳುತ್ತಿದ್ದಳು. ಪೆಸ್ಯಾ ದಿನಾ ಮಧ್ಯಾಹ್ನ ಸೂಪಿನ ಡಬ್ಬ ಹಿಡಿದು ಅಮ್ಮನ ಮನೆಗೆ ಹೋದರೆ ಬಾಗಿಲಲ್ಲೇ ಆ ಹೆಸರು ಕೇಳಿಸುತ್ತಿತ್ತು.

"ಹೋಗ್ಲಿ ಬಿಡಮ್ಮ. ಸರಿಮಾಡಿಕೊಡ್ತೀನಿ ಅಂದಿದಾರಲ್ಲ."

"ಆ ಮನುಷ್ಯನ ಕೈ ಆ ಕಲ್ಲಿಗೆ ತಾಗಬಾರದು. ನೀನ್ಯಾಕೆ ಅವನ ಪರ ವಹಿಸ್ಕೊಳ್ತೀಯ? ಓದಕ್ಕೆ ಹೋಗಿದ್ದು ನೀನೇ ತಾನೆ? ನೀನು ಸರಿಯಾಗಿ ಓದಿರ್ತೀಯ, ನಂಗೊತ್ತು."

ಬೈದಿದ್ದರೆ ಎಷ್ಟೋ ವಾಸಿಯಿತ್ತು. ಪೆಸ್ಯಾ ಸೂಪು ಬಿಸಿಗಿಟ್ಟು ಅದನ್ನೇ ಕದಡುತ್ತ ನಿಂತಳು.

ಜೂನ್‌ನ ಮೊದಲ ಭಾನುವಾರ ಸಂಘದ ತಿಂಗಳ ಚಹಾಕ್ಕೆ ಝಲ್ಮನ್ ಬರಲಿಲ್ಲ. ಸಂಘದ ಹಳೆಯ ಕೋಣೆಯಲ್ಲಿ ಕಿಟಕಿಯ ಪಕ್ಕದ ಕುರ್ಚಿ ಅವನದ್ದು. ಹತ್ತು ಜನ ಅದನ್ನು ಸುತ್ತಿಕೊಂಡು ಓಡಾಡಿದರೇ ಹೊರತು ಯಾರೂ ಕೂರಲಿಲ್ಲ. ಮರುದಿನ ಪೆಸ್ಯಾ ಅವನ ಶೆಡ್ಡಿಗೆ ಹೋದಳು. ಅವನು ಯಾವುದೋ ಕಲ್ಲಿಗೆ ಮೆರುಗು ಕೊಡುತ್ತಿದ್ದ, ಯಂತ್ರ ನಿಲ್ಲಿಸಿದ.

"ಯಾಕೆ ಒಪ್ಕೊಂಡ್ರಿ?" ಅಂದಳು.

"ಮತ್ತಿನ್ನೇನ್ ಮಾಡ್ಲಿ? ಅಪ್ಪನ ಗೋರಿ ಮುಂದೆ, ತಾಯಿ ಎದುರಿಗೆ, ಮಗಳು ಸುಳ್ಳು ಹೇಳ್ತಿದಾಳೆ ಅನ್ಲಾ? ಸಂಜೆಯೊಳಗೆ ನೀವೇ ಹೇಳ್ತೀರಿ ಅಂದ್ಕೊಂಡೆ." ಅವನು ಕೈಯನ್ನು ಏಪ್ರನ್ನಿಗೆ ಒರೆಸಿಕೊಂಡ. "ಮೂರು ವಾರ ಆಯ್ತು ಪೆಸ್ಯಾ."

"ಹೇಳ್ತೀನಿ."

"ಗೀಟು ಎಳೆದಿದ್ದು ನನ್ನ ಕೈಯೇ. ನಿಮ್ಮಮ್ಮನ್ನ ಒಂದು ಮಾತು ಕೇಳ್ಬೇಕಿತ್ತು, ಕೇಳಲಿಲ್ಲ. ಆ ಬೈಗುಳದಲ್ಲಿ ನನಗೂ ಪಾಲಿದೆ. ಆದ್ರೆ ಪೂರ್ತಿ ನನ್ನದಲ್ಲ."

ಹೇಳ್ತೀನಿ ಎಂದು ಬಂದವಳು ಮಂಗಳವಾರ ಹೇಳಲಿಲ್ಲ, ಬುಧವಾರ ಹೇಳಲಿಲ್ಲ. ಗುರುವಾರ ಅಮ್ಮನ ಮನೆಯ ಕಿಟಕಿಗಳನ್ನೆಲ್ಲ ಒರೆಸಿಕೊಟ್ಟಳು, ಅದಕ್ಕೆ ಬ್ರೈನಾ ಹೊಗಳಿದ್ದೂ ಆಯಿತು.

ಶುಕ್ರವಾರ ಸಂಜೆಯ ಊಟ ಪೆಸ್ಯಾಳ ಮನೆಯಲ್ಲಿ. ದೀಪ ಹಚ್ಚಿ, ಬ್ರೆಡ್ಡು ಮುರಿದು, ಕೋಳಿ ಸೂಪು ಬಡಿಸುವ ಹೊತ್ತಿಗೆ ಲಿಯೋರಾ ಒಂದು ಕಾಗದ ತೆಗೆದು ಮೇಜಿನ ಮೇಲಿಟ್ಟಳು. ಇಪ್ಪತ್ತೆಂಟರ ಹುಡುಗಿ. ಸಂಘದ ಹಳೆಯ ಕಾಗದಪತ್ರಗಳನ್ನೆಲ್ಲ ಕಂಪ್ಯೂಟರಿಗೆ ಸೇರಿಸುವ ಕೆಲಸ ಮೈಮೇಲೆ ಹಾಕಿಕೊಂಡಿದ್ದಳು. ಕಲ್ಲಿನ ಕೆಲಸ ಮುಗಿದ ಮೇಲೆ ಝಲ್ಮನ್ ಹಿಂದಿರುಗಿಸಿದ್ದ ತಾತನ ಪಟ್ಟಿಯೂ ಅವುಗಳಲ್ಲಿತ್ತು.

"ಅಮ್ಮ, ತಾತ ಬರೆದಿದ್ದೆಲ್ಲ ಪೆನ್ನಲ್ಲಿ. ಇಲ್ಲಿ ಪೆನ್ಸಿಲ್ ಗೀಟು ಯಾರು ಹಾಕಿದ್ದು?"

"ಊಟದ ಹೊತ್ತಲ್ಲಿ ಕಾಗದ ಯಾಕೆ, ತೆಗಿ," ಅಂದಳು ಪೆಸ್ಯಾ.

ಬ್ರೈನಾ ಕನ್ನಡಕ ಸರಿಮಾಡಿಕೊಂಡಳು. "ಎಲ್ಲಿ? ಹ್ಞಾ, ಇನ್ಯಾರು, ಆ ಝಲ್ಮನ್!"

"ಬೋಬೆ, ಗೀಟು ಹಾಕಿದಾನೆ ಅಂದ್ರೆ ಮರ್ತಿಲ್ಲ ಅಂತಾಯ್ತಲ್ಲ?" ಲಿಯೋರಾ ಅಜ್ಜಿಯ ಕಡೆ ಬಾಗಿದಳು. "ಮರೆಯೋನು ಗೀಟು ಹಾಕ್ತಾನಾ? ಯಾರೋ ಬೇಡ ಅಂದಿರ್ಬೇಕು."

"ಸೂಪ್ ಆರೋಗತ್ತೆ," ಅಂದ ನಾರ್ಮನ್. ಮೂವತ್ತು ವರ್ಷದಿಂದ ಆ ಮೇಜಿನ ಜಗಳಗಳಿಗೆಲ್ಲ ಅವನ ಕೊಡುಗೆ ಅದೊಂದೇ ಮಾತು.

ಪೆಸ್ಯಾ ಸೌಟನ್ನು ಪಾತ್ರೆಯೊಳಗೆ ಇಟ್ಟಳು. "ನಾನೇ ಬೇಡ ಅಂದೆ."

"ಏನು ಬೇಡ ಅಂದೆ?" ಬ್ರೈನಾಗೆ ಇನ್ನೂ ಅರ್ಥವಾಗಿರಲಿಲ್ಲ.

"ಮಗುವಿನ ಹೆಸರು. ಝಲ್ಮನ್ ಬಿಟ್ಟಿದ್ದಲ್ಲ. ನಾನು ಬಿಡಿಸಿದ್ದು. ನನ್ನ ಹೆಸರು ಕಲ್ಲಿನ ಮೇಲೆ ಕಂಡ್ರೆ ನೀನು ತಡ್ಕೊಳಲ್ಲ ಅಂತ..."

"ನನ್ನ ಮೇಲೆ ಹಾಕ್ಬೇಡ!" ಬ್ರೈನಾ ಮೇಜು ಗುದ್ದಿದಳು, ಚಮಚಗಳು ಹಾರಿದವು. "ಅರವತ್ತು ವರ್ಷ ನನ್ನ ಕೈಯಾರೆ ಆ ಹೆಸರಿಗೆ ದೀಪ ಹಚ್ಚಿದೀನಿ. ನನಗೇನು ತಡ್ಕೊಳೋದು? ನಿಜ ಹೇಳು."

ಪೆಸ್ಯಾ ಮೇಜುಬಟ್ಟೆಯ ಮೇಲಿನ ಬ್ರೆಡ್ಡಿನ ಚೂರುಗಳನ್ನು ಬೆರಳಿನಿಂದ ಒಂದು ಕಡೆಗೆ ಸೇರಿಸಿದಳು. "ನಂಗೆ ಅವಳು ಸಾಕಾಗಿದ್ಲು," ಅಂದಳು. "ಹುಟ್ಟಿದಾಗಿಂದ ನನ್ನ ಪಕ್ಕದಲ್ಲೇ ಇದಾಳೆ. ಅಪ್ಪ ಕರೆದ್ರೆ ಅವಳನ್ನೇ ಕರೀತಿದ್ರು. ಅಪ್ಪನ ಗೋರಿ ಒಂದಾದ್ರೂ ನನಗೊಬ್ಬಳಿಗೇ ಇರ್ಲಿ ಅಂತ ಅನ್ನಿಸ್ತು."

ಹೇಳಿದ ಮೇಲೆ ಆ ಮಾತು ಎಷ್ಟು ಸಣ್ಣದಾಗಿ ಕೇಳಿಸಿತೆಂದರೆ, ಅರವತ್ತರ ಹೆಂಗಸಿನದು ಎಂದು ಯಾರೂ ಹೇಳುವಂತಿರಲಿಲ್ಲ. ಲಿಯೋರಾ ಕಾಗದವನ್ನು ಮೆಲ್ಲಗೆ ತೆಗೆದು ತೊಡೆಯ ಮೇಲಿಟ್ಟುಕೊಂಡಳು.

ಬ್ರೈನಾ ಚದುರಿದ ಚಮಚಗಳನ್ನು ಒಂದೊಂದಾಗಿ ನೆಟ್ಟಗೆ ಇಟ್ಟಳು. ಆಮೇಲೆ ಮಾತಾಡಿದಾಗ ದನಿ ಏರಿರಲಿಲ್ಲ.

"ನಿಮ್ಮಪ್ಪನಿಗೆ ನಿನಗೆ ಆ ಹೆಸರಿಡೋದು ಇಷ್ಟ ಇರಲಿಲ್ಲ. ಇಟ್ಟಿದ್ದು ನಾನು."

"ನೀನಾ?"

"ನಾನೇ. ಮದುವೆಯಾಗಿ ಎರಡು ವರ್ಷ ಆಗಿದ್ರೂ ಅವರ ಬಾಯಲ್ಲಿ ಆ ಮಗು ಹೆಸರು ಕೇಳಿರಲಿಲ್ಲ ನಾನು. ನಾಲಿಗೆ ಹೊರಳ್ತಿರಲಿಲ್ಲ ಅವರಿಗೆ. ಹೀಗೇ ಬಿಟ್ರೆ ಆ ಮಗು ಈ ಲೋಕದಲ್ಲಿ ಹುಟ್ಟೇ ಇಲ್ಲ ಅಂತಾಗತ್ತೆ ಅಂದ್ಕೊಂಡೆ. ನೀನು ಹುಟ್ದಾಗ ಹಟ ಮಾಡಿ ಇಟ್ಟೆ. ಒಂದು ವಾರ ನನ್ನ ಜೊತೆ ಮಾತು ಬಿಟ್ಟಿದ್ರು. ಮೂರು ವರ್ಷ ನಿನ್ನನ್ನ ಪುಟ್ಟಿ, ಚಿನ್ನಿ, ಏನಾದ್ರೂ ಅಂತಿದ್ರು, ಹೆಸರು ಮಾತ್ರ ಇಲ್ಲ. ಒಂದಿನ ಐಸ್ ಮಾರೋ ಗಾಡಿ ಬಂತು. ನೀನು ಬೀದಿಗೆ ಓಡಿದೆ, ಆ ಕಡೆಯಿಂದ ಒಂದು ಲಾರಿ. ಆಗ ಕೂಗಿದ್ರು ನೋಡು! ಇಡೀ ಬೀದಿ ತಿರುಗಿ ನೋಡ್ತು. ನೀನು ನಿಂತೆ. ಅವರು ಮೆಟ್ಟಿಲ ಮೇಲೆ ಕೂತ್ಕೊಂಡು, ನಿನ್ನನ್ನ ತೊಡೆ ಮೇಲೆ ಹಾಕ್ಕೊಂಡು, ಹೊತ್ತು ಮುಳುಗೋ ತನಕ ಅದೇ ಹೆಸರು ಹೇಳ್ತಾ ಕೂತಿದ್ರು. ಅವತ್ತಿಂದ ದಿನಕ್ಕೆ ಹತ್ತು ಸಲ ಕರೀತಿದ್ರು ನಿನ್ನ, ಕೆಲಸ ಇರಲಿ ಬಿಡಲಿ."

ಅದು ನಿಜ. ಸುಮ್ಮಸುಮ್ಮನೆ ಕರೆಯುತ್ತಿದ್ದ. ಬಂದು "ಏನಪ್ಪ?" ಎಂದರೆ "ಏನಿಲ್ಲ, ಹೋಗು" ಎನ್ನುತ್ತಿದ್ದ. ಕೆಲಸವಿಲ್ಲದೆ ಕರೆದನೆಂದು ಪೆಸ್ಯಾ ರೇಗುತ್ತಿದ್ದಳು.

"ಹುಟ್ಟಿದ ಮಗು ಮೇಲೆ ಅಷ್ಟು ಭಾರ ಹೊರಿಸಿದ್ದು ತಪ್ಪಿರಬಹುದು," ಅಂದಳು ಬ್ರೈನಾ. "ಅದಕ್ಕೆ ನನ್ನನ್ನ ಬೈ. ಬಂದು ಮುಖಕ್ಕೆ ಬೈ. ಆ ಮಗೂನ ಯಾಕೆ ಅಳಿಸ್ದೆ? ಝಲ್ಮನ್‌ನ ಯಾಕೆ ಊರೆಲ್ಲ ಉಗಿಯೋ ಹಾಗೆ ಮಾಡ್ದೆ? ನನ್ನ ಬಾಯಲ್ಲಿ ಉಗಿಸ್ದೆ!"

"ತಪ್ಪಾಯ್ತಮ್ಮ."

"ನನಗೆ ಹೇಳಿದ್ರೆ ಮುಗೀತಾ? ಎಲ್ಲರ ಮುಂದೆ ಅವನ ಮೇಲೆ ಹಾಕಿದೀಯ, ಎಲ್ಲರ ಮುಂದೆ ಇಳಿಸು. ಅಲ್ಲೀ ತನಕ ಸೂಪು ಹೊತ್ಕೊಂಡು ಬರಬೇಡ ನನ್ನ ಮನೆಗೆ." ಅವಳು ನಾರ್ಮನ್‌ನ ಕಡೆ ತಿರುಗಿದಳು. "ನನ್ನನ್ನ ಮನೆಗೆ ಬಿಡು."

ಸೂಪು ಅಂದು ನಿಜಕ್ಕೂ ಆರಿಹೋಯಿತು.

ಮುಂದಿನ ಭಾನುವಾರ ಸಂಘದ ಸಭೆಯನ್ನು ಹಿಂಡಾಗೆ ಹೇಳಿ ಕರೆಸಿದ್ದು ಪೆಸ್ಯಾಳೇ. ಝಲ್ಮನ್‌ಗೂ ತಾನೇ ಫೋನು ಮಾಡಿ, ದಯವಿಟ್ಟು ಬನ್ನಿ ಅಂದಿದ್ದಳು. ಅವನು ಬಂದ, ಆದರೆ ಕಿಟಕಿಯ ಪಕ್ಕ ಕೂರದೆ ಬಾಗಿಲಲ್ಲೇ ನಿಂತ. ಬ್ರೈನಾ ಮಗಳ ಕಡೆ ನೋಡದೆ ಚಹಾದ ಲೋಟದಲ್ಲಿ ನಿಂಬೆಹೋಳು ಒತ್ತುತ್ತಿದ್ದಳು. ಪೆಸ್ಯಾ ಎದ್ದು ನಿಂತು ನಾಲ್ಕು ವಾಕ್ಯ ಹೇಳಿದಳು. ಮನೆಯಲ್ಲಿ ಬರೆದು ಬಾಯಿಪಾಠ ಮಾಡಿಕೊಂಡು ಬಂದಿದ್ದಳು. ಕಲ್ಲಿನ ತಪ್ಪು ಝಲ್ಮನ್‌ನದಲ್ಲ. ಹೆಸರು ಬೇಡವೆಂದವಳು ನಾನು. ಸ್ಮಶಾನದಲ್ಲಿ ನಾನು ಸುಳ್ಳು ಹೇಳಿದೆ. ಅವರು ನನ್ನ ಮಾನ ಉಳಿಸಲು ಸುಮ್ಮನಿದ್ದರು.

ತೊಂಬತ್ತೆರಡರ ಮುದುಕನೊಬ್ಬ ಕಿವಿಯ ಯಂತ್ರ ತಿರುಗಿಸುತ್ತ ಪಕ್ಕದವಳನ್ನು ಕೇಳಿದ, "ಏನಂದ್ಲು? ನಂಗೆ ಕೇಳಿಸ್ಲಿಲ್ಲ."

ಪೆಸ್ಯಾ ಅಮ್ಮನ ಕಡೆ ನೋಡಿದಳು. ಬ್ರೈನಾ ಲೋಟದಿಂದ ತಲೆಯೆತ್ತಲಿಲ್ಲ.

ಪೆಸ್ಯಾ ಅದೇ ನಾಲ್ಕು ವಾಕ್ಯಗಳನ್ನು, ಈ ಸಲ ಜೋರಾಗಿ, ಮತ್ತೆ ಮೊದಲಿನಿಂದ ಹೇಳಿದಳು. ಮುದುಕ ತಲೆಯಾಡಿಸಿದ. ಹಿಂಡಾ ಎದ್ದು ಹೋಗಿ ಕಿಟಕಿಯ ಪಕ್ಕದ ಕುರ್ಚಿಯನ್ನು ಎಳೆದು, "ಕೂತ್ಕೊಳಪ್ಪ ಝಲ್ಮನ್, ನಮ್ಮನೆಯವರ ಕಲ್ಲಿನ ವಿಷಯ ಮಾತಾಡೋದಿದೆ," ಅಂದಳು. ಯಾರೋ ಕೇಕಿನ ತಟ್ಟೆಯನ್ನು ಪೆಸ್ಯಾಳ ಮುಂದೆಯೂ ಹಿಡಿದರು, ಅವಳು ತೆಗೆದುಕೊಂಡಳು, ತಿನ್ನಲಾಗಲಿಲ್ಲ.

ಫೈವೆಲ್ ಸತ್ತು ವರ್ಷ ತುಂಬಲು ಎರಡು ದಿನವಿದ್ದಾಗ ಝಲ್ಮನ್ ಸಲಕರಣೆಗಳನ್ನು ಸ್ಮಶಾನಕ್ಕೇ ತಂದ. ಬ್ರೈನಾಳನ್ನು ಮಡಚುವ ಕುರ್ಚಿಯ ಮೇಲೆ ಕೂರಿಸಿದ್ದರು.

"ಜಾಗ ಸಾಲತ್ತಾ?" ಪೆಸ್ಯಾ ಕೇಳಿದಳು.

"ಸಾಲತ್ತೆ. ಅವತ್ತೇ ಬಿಟ್ಟಿದ್ದೆ." ಅವನು ಹೆನ್ಯಾಳ ಪಕ್ಕದ ಖಾಲಿ ಕಲ್ಲನ್ನು ಅಂಗೈಯಿಂದ ಒರೆಸಿದ. "ಯಾವತ್ತಾದ್ರೂ ಒಂದಿನ ಬರ್ತೀರಿ ಅಂತ ಅನ್ನಿಸಿತ್ತು."

ಲಿಯೋರಾಳಿಂದ ತರಿಸಿಕೊಂಡಿದ್ದ ಕ್ಯಾಲೆಂಡರ್ ಹಾಳೆಯನ್ನು ಅವಳ ಕೈಗೆ ಕೊಟ್ಟ. ಪೆನ್ಸಿಲ್ ಗೀಟನ್ನು ಅವನೇ ರಬ್ಬರಿನಿಂದ ಅಳಿಸಿದ್ದ, ಆದರೂ ಕಾಗದದಲ್ಲಿ ಅದರ ಗಾಯ ಉಳಿದಿತ್ತು.

"ಓದಿ."

"ಪೆಸ್ಯಾ," ಅಂದಳು ಪೆಸ್ಯಾ. "ಫೈವೆಲ್ ಮತ್ತು ಹೆನ್ಯಾಳ ಮಗಳು. ನಾಲ್ಕು ವರ್ಷ."

"ಇನ್ನೊಂದ್ಸಲ."

ಎರಡನೆಯ ಸಲ ಹೆಸರು ಹೇಳುವಷ್ಟರಲ್ಲೇ ದನಿ ಒಡೆಯಿತು. ಝಲ್ಮನ್ ಕಾದ. ಅವನು ಅರ್ಧ ಓದಿದ್ದಕ್ಕೆ ಉಳಿ ಎತ್ತುವವನಲ್ಲ. ಅವಳು ಮೂಗು ಒರೆಸಿಕೊಂಡು, ಬೀದಿಯ ಆ ಕಡೆ ಇರುವವರಿಗೆ ಕೇಳಿಸುವಂತೆ, ಪೂರ್ತಿ ಓದಿದಳು.

ಅರ್ಧ ದಿನ ಹಿಡಿಯಿತು. ಕಲ್ಲಿನ ಪುಡಿ ಪೆಸ್ಯಾಳ ಕಪ್ಪು ಬೂಟುಗಳ ಮೇಲೆ ಬಿತ್ತು, ಅವಳು ಕೊಡವಲಿಲ್ಲ. ಕೆಲಸ ಮುಗಿದಾಗ ಬ್ರೈನಾ ಕುರ್ಚಿಯಿಂದ ಬಾಗಿ ಮತ್ತೆ ಮೊದಲ ಸಾಲಿಗೆ ಬೆರಳಿಟ್ಟಳು. ನಿಧಾನವಾಗಿ ಇಳಿದಳು. "ಎಂಟಲ್ಲ. ಒಂಬತ್ತಲ್ಲ." ಒಂಬತ್ತರ ಹತ್ತಿರ ಬೆರಳಿಗೆ ಅಂಟಿದ ಬಿಳಿ ಪುಡಿಯನ್ನು ತನ್ನ ತಲೆವಸ್ತ್ರದ ತುದಿಗೆ ಒರೆಸಿಕೊಂಡು ಮುಂದೆ ಹೋದಳು.

"ಇಪ್ಪತ್ಮೂರಲ್ಲ," ಅಂದಳು ಕೊನೆಗೆ.

ಪೆಸ್ಯಾ ಅಮ್ಮನನ್ನು ಎಬ್ಬಿಸಲು ಕೈ ಚಾಚಿದಳು. ಬ್ರೈನಾ ಝಲ್ಮನ್‌ನ ತೋಳು ಹಿಡಿದು ಎದ್ದಳು, ಅವನ ಜೊತೆಗೇ ಮೆಲ್ಲಗೆ ಕಾರಿನ ಕಡೆ ನಡೆದಳು. ಪೆಸ್ಯಾ ಚಾಚಿದ ಕೈಯಿಂದ ಕುರ್ಚಿ ಮಡಚಿ, ಕಂಕುಳಲ್ಲಿ ಇಟ್ಟುಕೊಂಡು, ಅವರ ಹಿಂದೆ ಹೊರಟಳು.